ಹೋಟೆಲ್ ಹಿಂಭಾಗದ ಅಡುಗೆಮನೆಗೆ ಕಲಂ 53 ನೋಟಿಸ್, ಜಾಗ ಹಿಲ್‌ಟಾಪ್ ಝೋನ್ ಅಂತೆ

ಮುಳಶಿ_ಖಾನಾವಳಿ:
ಮಹಾರಾಷ್ಟ್ರದ ಪುಣೆ ಜಿಲ್ಲೆ, ಮುಳಶಿ ತಾಲೂಕಿನಲ್ಲಿ ರಸ್ತೆ ಪಕ್ಕದ ಹೋಟೆಲ್. ಮುಂದಿನ ಕಟ್ಟಡಕ್ಕೆ ಮಂಜೂರಾದ ನಕಾಶೆ, ಎನ್‌ಎ (ಕೃಷಿಯೇತರ ಬಳಕೆಯ) ಆದೇಶ ಎರಡೂ ಇವೆ. ಹಿಂದೆ 20x30 ಅಡಿ ಅಡುಗೆಮನೆ, ಪಕ್ಕಕ್ಕೊಂದು ಪತ್ರಾ (ತಗಡಿನ) ಶೆಡ್ ಹಾಕಿದ್ದಕ್ಕೆ, ಅನಧಿಕೃತ ಕಟ್ಟಡ ತೆಗೆಯಿರಿ ಅನ್ನೋ ಕಲಂ 53ರ ನೋಟಿಸ್ ಬಂದಿದೆ. ಜಾಗ ಹಿಲ್‌ಟಾಪ್ ಝೋನ್, ಅಂದ್ರೆ ಕಟ್ಟಡಕ್ಕೆ ನಿರ್ಬಂಧ ಇರೋ ಗುಡ್ಡದ ವಲಯ, ಅಂತೆ. ಪಂಚಾಯತಿ ಎನ್‌ಒಸಿ ಇದೆ, ಮನೆಪಟ್ಟಿಯೂ ಕಟ್ಟಿದೆ. ಸಿವಿಲ್ ಕೋರ್ಟಿನಿಂದ ಸ್ಟೇ ಸಿಗಬಹುದಾ?

ಕಲಂ_ಕಟ್ಟೆ:
ಸ್ಟೇ ಆಸೆ ಬಿಡ್ರಿ, ಎಂಆರ್‌ಟಿಪಿ (ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನೆ) ಕಾಯ್ದೆ 1966ರ ಕಲಂ 149 ಅಂಥ ದಾವೆಗೆ ಅಡ್ಡ ಬರ್ತದ. ಮೊದಲು ನೋಟಿಸಿನ ಗಡುವು ನೋಡ್ರಿ. ಅದರೊಳಗೇ ಕಟ್ಟಡ ಉಳಿಸಿಕೊಳ್ಳಲಿಕ್ಕೆ ಕಲಂ 44ರ ಅರ್ಜಿ ಹಾಕಿದ್ರೆ, ಇತ್ಯರ್ಥ ಆಗೋತನಕ ಬರೀ ಆ ನೋಟಿಸ್ ಮೇಲೆ ಕೆಡವೋ ಹಂಗಿಲ್ಲ. ಸ್ವೀಕೃತಿ ಮೊಹರಿನ ಪ್ರತಿ ಹೋಟೆಲಿನಲ್ಲೇ ಇರಲಿ. ತಿರಸ್ಕಾರ ಆದ್ರೆ ಆದೇಶ ಕೈಸೇರಿದ 40 ದಿನದೊಳಗೆ ಕಲಂ 47ರ ಮೇಲ್ಮನವಿ, ರಾಜ್ಯ ಸರಕಾರಕ್ಕೆ. ‘60 ದಿನ ಉತ್ತರ ಇಲ್ಲಂದ್ರ ಮಂಜೂರಾದಂಗ’ ಅನ್ನೋ ಏಜೆಂಟರ ಮಾತು ನಂಬಬ್ಯಾಡ್ರಿ. ನಿಯಮಕ್ಕೆ ಪೂರಾ ಹೊಂದೋ ನಕಾಶೆಗೆ ಮಾತ್ರ ಅದು. ಎನ್‌ಒಸಿ ಕಟ್ಟಡ ಪರವಾನಗಿ ಅಲ್ಲ. ಮನೆಪಟ್ಟಿ ತೆರಿಗೆ ರಸೀದಿ, ಅಷ್ಟೇ.

ಮೋಜಣಿದಾರ:
ಕೇಸು ನಿಂತಿರೋದು ಇಳಿಜಾರಿನ ಮೇಲೆ. 1:5ಕ್ಕಿಂತ (5 ಮೀಟರ್ ದೂರಕ್ಕೆ 1 ಮೀಟರ್ ಏರು) ಕಡಿದಾಗಿದ್ದರೆ ವಾದಿಸಲು ಏನೂ ಉಳಿಯಲ್ಲ. ಪ್ರತಿ 1 ಮೀಟರ್ ಎತ್ತರಕ್ಕೊಂದು ಕಾಂಟೂರ್ (ಸಮ ಎತ್ತರದ ಗೆರೆ) ಹಾಕಿಸಿ. ಎರಡು ಗೆರೆಗಳ ನಡುವೆ 5 ಮೀಟರಿಗಿಂತ ಕಡಿಮೆ ಇದ್ದ ಕಡೆಯೆಲ್ಲ ಹೋಯಿತು. ಟೋಟಲ್ ಸ್ಟೇಷನ್ ಎಂಬ ಮೋಜಣಿ ಯಂತ್ರದಿಂದ ಗೋಡೆ ದಾಟಿ ಇನ್ನೂ 15-20 ಮೀಟರ್ ಅಳೆಸಬೇಕು. ಗುಡ್ಡ ಕಡಿದು ಸಮ ಮಾಡಿದ ಅಂಗಳವನ್ನಷ್ಟೇ ಅಳೆದು ಕೊಟ್ಟರೆ, ಅಧಿಕಾರಿ ಹಳೆಯ ಉಪಗ್ರಹ ಚಿತ್ರ ತೆರೆದ ಕೂಡಲೇ ಅರ್ಜಿ ಬಿದ್ದುಹೋಗುತ್ತೆ.

ಇನ್ನೊಂದು, ಸರಕಾರಿ ಮೋಜಣಿ ನಕಾಶೆಯನ್ನೂ ಝೋನ್ ದಾಖಲೆಯ ಪಾರ್ಟ್ ಪ್ಲಾನನ್ನೂ (ನಿಮ್ಮ ಜಾಗದ ಭಾಗ ತೋರಿಸುವ ನಕಾಶೆ) ಒಂದೇ ಅಳತೆಗೆ ತಂದು ಒಂದರ ಮೇಲೊಂದು ಕೂರಿಸಿ. ಪ್ಲಾನ್ 1:10,000ದಲ್ಲಿದ್ದರೆ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ 5 ಮೀಟರ್! 20 ಅಡಿ ಅಡುಗೆಮನೆ ಹೆಚ್ಚುಕಡಿಮೆ ಅದರಲ್ಲೇ ಮುಳುಗುತ್ತೆ. ಆದರೆ ನೆಲ ಸಮ ಎಂದು ಸಾಬೀತಾದರೂ ಝೋನ್ ತಾನಾಗಿ ಬದಲಾಗಲ್ಲ. ಬದಲಾಯಿಸಲು ಪ್ರಾದೇಶಿಕ ಯೋಜನೆಯಾದರೆ ಕಲಂ 20, ಡಿಪಿ (ಅಭಿವೃದ್ಧಿ ಯೋಜನೆ) ಆದರೆ ಕಲಂ 37. ಎರಡಕ್ಕೂ ಸರಕಾರದ ಮಂಜೂರಿ ಬೇಕು, ವರ್ಷಗಳ ಕೆಲಸ.

ಮುಳಶಿ_ಖಾನಾವಳಿ:
ದಂಡ ಕಟ್ಟಿ ಸಕ್ರಮ ಮಾಡಿಸೋಕಾಗಲ್ವಾ? ಶೆಡ್ ಹೋದ ವರ್ಷದ್ದು.

ಕಲಂ_ಕಟ್ಟೆ:
ಆಗೂದಿಲ್ರಿ. ಕಲಂ 52ಎ ಕೆಳಗಿನ 2017ರ ನಿಯಮ 31 ಡಿಸೆಂಬರ್ 2015ರೊಳಗಿನ ಕಟ್ಟಡಕ್ಕೆ ಮಾತ್ರ, ಅದರಾಗೂ 1:5 ಮೀರಿದ ಇಳಿಜಾರು ಹೊರಗೇ. ಇನ್ನು ಮೇಲೆ ಒಂದು ಇಟ್ಟಿಗೆನೂ ಇಡಬ್ಯಾಡ್ರಿ, ಕಲಂ 52ರಾಗ ಜೈಲು 1 ತಿಂಗಳಿಂದ 3 ವರ್ಷ. ಪತ್ರಾ ಶೆಡ್ ನೀವೇ ಬಿಚ್ಚಿ, ತಾರೀಖಿನ ಫೋಟೊ ಅರ್ಜಿಗೆ ಲಗತ್ತಿಸಿ, ಅಡುಗೆಮನೆ ಒಂದಕ್ಕೇ ಹೋರಾಡ್ರಿ.