ಇತ್ತೀಚೆಗೆ ಏನೇನು ನೋಡಿದ್ರಿ? ನನಗಂತೂ ಇಂಟರ್ವಲ್ ಆದ ಮೇಲೆ ನಿದ್ದೆ

ಪ್ಲಾಸ್ಟರ್_ಕಾಲು

ಕಾಲು ಮುರಿದುಕೊಂಡು ಮೂರು ವಾರದಿಂದ ಮನೆಯಲ್ಲೇ ಬಿದ್ದಿದ್ದೇನೆ. ಹೇಗೆ ಅಂತ ಕೇಳಬೇಡಿ, ಬಚ್ಚಲಲ್ಲಿ ಜಾರಿದ್ದು, ಹೇಳಿಕೊಳ್ಳುವಂಥ ಸಾಹಸ ಏನಲ್ಲ. ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಬೇರೆ ಕೆಲಸ ಇಲ್ಲ. ದಿನಕ್ಕೊಂದು ಸಿನಿಮಾ ನಡೀತಾ ಇದೆ. ಅಮ್ಮ ಜೊತೆಗೆ ಕೂತರೆ ನಗಿಸುವ ಸಿನಿಮಾ, ಅಮ್ಮ ಮಲಗಿದ ಮೇಲೆ ದೆವ್ವದ ಸಿನಿಮಾ. ಅನಿಸಿದ್ದು ಬರೆಯುತ್ತೇನೆ, ನಿಮ್ಮದೂ ಹೇಳಿ.

"ಸು ಫ್ರಮ್ ಸೋ" ಈಗ ನೋಡಿದೆ, ಹೌದು, ತಡ ಆಯ್ತು. ತಪ್ಪು ಹೊತ್ತಲ್ಲಿ ತಪ್ಪು ಜಾಗದಲ್ಲಿ ಸಿಕ್ಕಿಬಿದ್ದ ಅಶೋಕ ಮೈಮೇಲೆ ದೆವ್ವ ಬಂದ ಹಾಗೆ ನಾಟಕ ಮಾಡುತ್ತಾನೆ, ಊರಿಗೆ ಊರೇ ನಂಬುತ್ತದೆ, ಆ ದೆವ್ವ ಸೋಮೇಶ್ವರದ ಸುಲೋಚನಾ ಅಂತಲೂ ತೀರ್ಮಾನ ಆಗುತ್ತದೆ. ನಕ್ಕು ನಕ್ಕು ಪ್ಲಾಸ್ಟರ್ ಒಳಗೆ ಕಾಲು ನೋವಾಯ್ತು. ಆಮೇಲೆ ಇದ್ದಕ್ಕಿದ್ದ ಹಾಗೆ ಸೀರಿಯಸ್ ಆಯ್ತು. ಅಮ್ಮ ಕಣ್ಣೊರೆಸಿಕೊಂಡರು. ನಾನು ಫೋನ್ ನೋಡಿದೆ.

"ಭ್ರಮಯುಗಂ", ಮಲಯಾಳಂ, 2024ರದ್ದು. ಪೂರ್ತಿ ಕಪ್ಪು ಬಿಳುಪು. ಹಾಳುಬಿದ್ದ ಒಂದು ಮನೆ, ಬೆರಳೆಣಿಕೆ ಜನ, ಹೊರಗೆ ಮಳೆ. ದಾರಿ ತಪ್ಪಿ ಬಂದ ಹಾಡುಗಾರನನ್ನು ಮಮ್ಮುಟ್ಟಿ ಪಗಡೆ ಆಡೋಕೆ ಕರೆಯುವ ಜಾಗ ಇದೆಯಲ್ಲ, ಅಲ್ಲಿ ಹೊದಿಕೆ ಕುತ್ತಿಗೆವರೆಗೂ ಬಂತು. ಜೋರಾಗಿ ಹೆದರಿಸೋದೇ ಇಲ್ಲ. ಅವರು ಕೂತು ಊಟ ಮಾಡೋದನ್ನು ನೋಡಿದರೇ ಭಯ ಆಗುತ್ತದೆ. ಆದರೆ ಕೊನೆಗೆ ಎಲ್ಲವನ್ನೂ ಬಿಡಿಸಿ ಹೇಳೋಕೆ ಶುರುಮಾಡಿದಾಗ ಅರ್ಧ ಭಯ ಇಳಿದುಹೋಯ್ತು.

"ಬ್ಲಿಂಕ್" ಕೂಡ 2024. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಕನ್ನಡ ಕಥೆ. ಕಣ್ಣು ಮಿಟುಕಿಸದೆ ಇರೋದರ ಸುತ್ತ ಹೆಣೆದಿರೋದು ಒಳ್ಳೇ ಐಡಿಯಾ, ನಾನೂ ಕನ್ನಡಿ ಮುಂದೆ ಪ್ರಯತ್ನಪಟ್ಟೆ. ಇಂಟರ್ವಲ್ ಆದ ಮೇಲೆ ಯಾರು ಯಾವ ವರ್ಷದಲ್ಲಿ ಇದ್ದಾರೆ ಅಂತ ಪೇಪರ್ ತೆಗೆದು ಗೀಟು ಹಾಕಬೇಕಾಯ್ತು.

"ಮೆಯ್ಯಳಗನ್", ತಮಿಳು. ಎಷ್ಟೋ ವರ್ಷದ ಮೇಲೆ ಊರಿನ ಮದುವೆಗೆ ಹೋದ ಅರವಿಂದ ಸ್ವಾಮಿಗೆ "ಅತ್ತಾನ್ ಅತ್ತಾನ್" (ಭಾವ) ಅಂತ ಅಂಟಿಕೊಂಡ ಕಾರ್ತಿ ಯಾರು ಅಂತಲೇ ಗೊತ್ತಿಲ್ಲ. ಹೆಸರೂ ನೆನಪಿಲ್ಲ. ಕೇಳೋಕೆ ನಾಚಿಕೆ. ಇದು ನಮ್ಮೂರ ಜಾತ್ರೆಯಲ್ಲಿ ಪ್ರತಿ ವರ್ಷ ನನಗೆ ಆಗುತ್ತದೆ! ಬಹಳ ಇಷ್ಟ ಆಯ್ತು. ಆದರೆ ರಾತ್ರಿ ಇಡೀ ಮಾತು, ಮಾತು, ಮಾತು.

ಇಂಟರ್ವಲ್ ನೆನಪೇ ಆಗದೆ ನೋಡಿದ್ದು ಒಂದೇ, "ಪರ್ಫೆಕ್ಟ್ ಡೇಸ್". ಟೋಕಿಯೊದಲ್ಲಿ ಸಾರ್ವಜನಿಕ ಶೌಚಾಲಯ ತೊಳೆಯುವ ಒಬ್ಬನ ದಿನಚರಿ. ಬೆಳಿಗ್ಗೆ ಏಳುತ್ತಾನೆ, ಗಿಡಕ್ಕೆ ನೀರು, ಮೆಷಿನ್‌ನಿಂದ ಒಂದು ಕಾಫಿ, ವ್ಯಾನಿನಲ್ಲಿ ಕ್ಯಾಸೆಟ್ ಹಾಡು, ಕೆಲಸ. ಮರುದಿನ ಮತ್ತೆ ಅದೇ. ಕಣ್ಣಿಗೆ ಕಾಣದ ಅಡಿಭಾಗ ನೋಡೋಕೆ ಪುಟ್ಟ ಕನ್ನಡಿ ಹಿಡಿಯುತ್ತಾನೆ. ಏನೂ ಆಗಲ್ಲ. ನಿದ್ದೆಯೂ ಬರಲ್ಲ.

ಅದಕ್ಕೇ ಕೇಳ್ತಾ ಇರೋದು. ನಮ್ಮ ಕಡೆ ಸಿನಿಮಾಗಳು ಸೆಕೆಂಡ್ ಹಾಫ್‌ನಲ್ಲಿ ಎಡವುತ್ತವೋ, ಅಥವಾ ನನ್ನ ಮಾತ್ರೆಯ ಪ್ರಭಾವವೋ?

ಉಳ್ಳಾಲದವ

ಉಳಿದ ನಾಲ್ಕರ ಬಗ್ಗೆ ಏನು ಬೇಕಾದರೂ ಹೇಳಿ ಮಾರಾಯ್ರೇ, "ಸು ಫ್ರಮ್ ಸೋ" ಬಗ್ಗೆ ಮಾತ್ರ ಜಗಳ ಉಂಟು.

ಮೊದಲರ್ಧದಲ್ಲಿ ಸುಲೋಚನಾ ಅನ್ನುವುದು ಬರೀ ಒಂದು ಹೆಸರು. ಊರವರೂ ನಗುತ್ತಾರೆ, ನೀವೂ ನಕ್ಕಿರಿ, ನಾನೂ ನಕ್ಕೆ. ಆ ಹೆಸರಿಗೆ ಒಂದು ಮನೆ ಇತ್ತು, ಒಬ್ಬಳು ಮಗಳಿದ್ದಾಳೆ ಅಂತ ಗೊತ್ತಾಗುವುದು ಆಮೇಲೆ. ಅಲ್ಲಿ ನಗು ನಿಲ್ಲಲೇಬೇಕಲ್ಲ? ನಿಲ್ಲದಿದ್ದರೆ ಅದು ಎರಡು ಗಂಟೆಯ ರೀಲ್ಸ್ ಆಗುತ್ತಿತ್ತು ಅಷ್ಟೇ. ನೀವು ಫೋನ್ ನೋಡಿದ ಹೊತ್ತಿನಲ್ಲೇ ಸಿನಿಮಾ ಇತ್ತು. ಅಮ್ಮನಿಗೆ ಅರ್ಥ ಆಗಿದೆ ನೋಡಿ.

ದೆವ್ವ ಬಿಡಿಸುವ ಗುರೂಜಿ ಬಂದ ಮೇಲೆ ಸ್ವಲ್ಪ ಎಳೆದರು, ಅದು ಒಪ್ಪುತ್ತೇನೆ. ಆ ಪಾತ್ರ ಮಾಡಿದ ರಾಜ್ ಬಿ. ಶೆಟ್ರು ತೆರೆ ಮೇಲೆ ಬಂದರೆ ಎಡಿಟರ್‌ಗೆ ಕತ್ತರಿ ಎತ್ತಲು ಮನಸ್ಸು ಬರುವುದಿಲ್ಲವೋ ಏನೋ.

ಇನ್ನೊಂದು. ನಿರ್ದೇಶನ ಮಾಡಿದ ಜೆ.ಪಿ. ತುಮಿನಾಡೇ ಅಶೋಕನ ಪಾತ್ರ ಮಾಡಿದ್ದು. ತುಮಿನಾಡು ಅಂದರೆ ತಲಪಾಡಿ ಗಡಿ ದಾಟಿದ ಮೇಲೆ ಸಿಗುವ ಊರು. ತುಳು ನಾಟಕದಿಂದ ಬಂದ ಜನ ಇವರು. ನಾಟಕದ ಸ್ಟೇಜಿನಲ್ಲಿ ಮೊದಲು ಹೊಟ್ಟೆ ಹುಣ್ಣಾಗುವ ಹಾಗೆ ನಗಿಸಿ, ಅರ್ಧ ಗಂಟೆ ಬಿಟ್ಟು ಅದೇ ಜನರನ್ನು ಅಳಿಸುವುದು ನಮಗೆ ಹೊಸತಲ್ಲ. ಚಿಕ್ಕವನಿದ್ದಾಗ ಗದ್ದೆಯಲ್ಲಿ ಚಾಪೆ ಹಾಸಿ ಅಂಥದ್ದು ಎಷ್ಟು ನೋಡಿದ್ದೇನೆ. ಬೆಂಗಳೂರಿನವರಿಗೆ ಅದು ಸಡನ್ ಅನಿಸಿರಬಹುದು.

ಮತ್ತೆ ಸಿನಿಮಾದಲ್ಲಿರುವ ರವಿ ಅಣ್ಣ. ಮದುವೆ ಆಗದ, ಜಾಸ್ತಿ ಮಾತಾಡದ, ಇಡೀ ಊರೇ ಮಾತು ಕೇಳುವ ಅಣ್ಣ ಒಬ್ಬ ನಮ್ಮ ಓಣಿಯಲ್ಲೂ ಇದ್ದಾರೆ. ಸಿನಿಮಾ ಬಂದ ಮೇಲೆ ಅವರನ್ನು ನೋಡಿ ಯಾರಿಗೂ ನಗು ತಡೆಯಲಿಕ್ಕೆ ಆಗುವುದಿಲ್ಲ. ಅವರಿಗೆ ಕಾರಣ ಇನ್ನೂ ಗೊತ್ತಿಲ್ಲ.

ನಾಳೆ_ನೋಡ್ತೀನಿ

ಸ್ವಾಮಿ, ಸ್ಪಾಯ್ಲರ್ ಅಂತ ಮೇಲೆ ಒಂದು ಸಾಲು ಹಾಕಬಾರದಾ? ಇವತ್ತು ರಾತ್ರಿಗೆ ಅಂತ ಇಟ್ಟುಕೊಂಡಿದ್ದೆ.

ಉಳ್ಳಾಲದವ

2025ರ ಜುಲೈಯಲ್ಲಿ ಬಂದ ಸಿನಿಮಾ. ಇನ್ನೂ ಕಾಯಬೇಕಾ?

ಮಂಡ್ಯದ_ಕಡೆಯೋನು

ಏನೂ ಆಗಲ್ಲ, ನಿದ್ದೇನೂ ಬರಲ್ಲ ಅಂದ್ರಲ್ಲ, ಆ ಥರದ್ದು ಹುಡುಕೋಕೆ ಟೋಕಿಯೊಗೆ ಯಾಕೆ ಹೋದ್ರಿ? "ತಿಥಿ" ನೋಡಿಲ್ವಾ? ನೋಡಿಲ್ಲ ಅಂದ್ರೆ ಕಾಲು ಸರಿಹೋಗೋದ್ರೊಳಗೆ ನೋಡಿಬಿಡಿ. ನೋಡಿದ್ರೆ ಇನ್ನೊಂದ್ಸಲ ನೋಡಿ.

ಹೋದ ಭಾನುವಾರ ನಮ್ಮ ಅಪ್ಪನ ಜೊತೆ ಕೂತು ನೋಡಿದೆ, ನನಗೆ ಇದು ನಾಲ್ಕನೇ ಸಲ. 101 ವರ್ಷದ ಸೆಂಚುರಿ ಗೌಡ ದಾರಿಹೋಕರಿಗೆಲ್ಲ ಬೈತಾ ಕೂತಿರುತ್ತಾನೆ, ಎದ್ದು ನಾಲ್ಕು ಹೆಜ್ಜೆ ಹೋಗಿ ಸತ್ತೇಹೋಗುತ್ತಾನೆ. ಅಲ್ಲಿಂದ ಹನ್ನೊಂದನೇ ದಿನದ ತಿಥಿವರೆಗೆ ಕಥೆ. ಮಗ ಗಡ್ಡಪ್ಪನಿಗೆ ಆಸ್ತಿಯೂ ಬೇಡ, ಅಳುವೂ ಬೇಡ, ಗಡ್ಡ ಬಿಟ್ಟುಕೊಂಡು ಹೊಲದ ಬದುವಿನ ಮೇಲೆ ನಡೆದುಕೊಂಡೇ ಇರುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಬೇಕು, ಅದಕ್ಕೆ ಬದುಕಿರೋ ಅಪ್ಪನನ್ನೇ ಸತ್ತಿದ್ದಾನೆ ಅಂತ ತೋರಿಸೋಕೆ ಕಾಗದ ಮಾಡಿಸುತ್ತಾನೆ. ಈ ಜಾಗ ಬಂದಾಗ ನಮ್ಮಪ್ಪ ಟಿವಿ ನಿಲ್ಲಿಸು ಅಂದ್ರು. ನಿಲ್ಲಿಸಿದೆ. "ನಮ್ಮ ದೊಡ್ಡಪ್ಪನ ಖಾತೆ ಹಿಂಗೇ ಆಗಿದ್ದು" ಅಂತ ಶುರುಮಾಡಿದ್ದು, ಮುಕ್ಕಾಲು ಗಂಟೆ. ಪಹಣಿ, ಪೋಡಿ, ಯಾರು ಯಾರಿಗೆ ದುಡ್ಡು ಕೊಟ್ಟರು, ಎಲ್ಲ ಬಂತು. ನಮ್ಮ ಮನೆಯಲ್ಲಿ ಇಂಟರ್ವಲ್ ಅಂದ್ರೆ ಅದೇ.

ಅದರಲ್ಲಿ ನಟಿಸಿದವರು ನೊದೆಕೊಪ್ಪಲು ಮತ್ತೆ ಅಕ್ಕಪಕ್ಕದ ಊರಿನೋರು. ಕಥೆ ಬರೆದ ಈರೇಗೌಡರೂ ಅದೇ ಊರು. ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ 2015ರಲ್ಲಿ ಪ್ರಶಸ್ತಿ ಬಂತು, ಇಲ್ಲಿ ಥಿಯೇಟರ್‌ಗೆ ಬಂದಿದ್ದು 2016ರಲ್ಲಿ. ಅವಾರ್ಡ್ ಸಿನಿಮಾ ಅಂದ ತಕ್ಷಣ ಸ್ಲೋ ಅಂದ್ಕೊಂಡು ನಮ್ಮೋರೇ ಎಷ್ಟೋ ಜನ ಹೋಗಲಿಲ್ಲ. ಹೋದೋರು ಹೊಟ್ಟೆ ಹಿಡ್ಕೊಂಡು ಬಂದ್ರು.

ಮೆಲ್ಬರ್ನ್_ಮಾಲಿನಿ

ನಿಮ್ಮ ಇಂಟರ್ವಲ್ ಪ್ರಶ್ನೆಗೆ ನನ್ನ ಹತ್ತಿರ ಒಂದು ಪುರಾವೆ ಇದೆ, ಎಷ್ಟರ ಮಟ್ಟಿಗೆ ನಿಲ್ಲುತ್ತೋ ನೋಡಿ.

ಇಲ್ಲಿ ಕನ್ನಡ ಸಿನಿಮಾ ಬಂದರೆ ನಾವು ಹೋಗುವ ಥಿಯೇಟರಿನಲ್ಲಿ ಇಂಟರ್ವಲ್ ಕೊಡಲ್ಲ. ತೆರೆ ಮೇಲೆ ದೊಡ್ಡದಾಗಿ "ಇಂಟರ್ವಲ್" ಅಂತ ಬರುತ್ತೆ, ಧಡ್ ಅಂತ ಮ್ಯೂಸಿಕ್, ಹೀರೋ ತಿರುಗಿ ನೋಡ್ತಾನೆ, ಎರಡೇ ಸೆಕೆಂಡಿಗೆ ಮುಂದಿನ ದೃಶ್ಯ ಶುರು. ಮೊದಲ ಸಲ ಎಲ್ಲರೂ ಏಳೋಕೆ ಹೋಗಿ ಮತ್ತೆ ಕೂತೆವು. ಹಾಗೆ ಒಂದೇ ಉಸಿರಿಗೆ ನೋಡಿದಾಗ ಗೊತ್ತಾಗುತ್ತೆ, ಇಂಟರ್ವಲ್‌ಗೆ ಅಂತಲೇ ಕಥೆಯನ್ನು ಎಳೆದು ಒಂದು ಗುಡ್ಡ ಹತ್ತಿಸಿರುತ್ತಾರೆ. ಹದಿನೈದು ನಿಮಿಷ ಕಾಫಿ ಕುಡಿದು ಬಂದವರಿಗೆ ಪರವಾಗಿಲ್ಲ. ನಮಗೆ ಮಾತ್ರ ಹತ್ತಿದ ಗುಡ್ಡದಿಂದ ದೊಪ್ಪನೆ ಬಿದ್ದ ಹಾಗಾಗುತ್ತೆ. ಆಮೇಲಿನ ಇಪ್ಪತ್ತು ನಿಮಿಷ ಸಪ್ಪೆ.

ಉಲ್ಟಾನೂ ಇದೆ. ಊರಿಗೆ ಬಂದಾಗ ಇಂಗ್ಲಿಷ್ ಸಿನಿಮಾಗೆ ಹೋದರೆ ಇಬ್ಬರು ಮಾತಾಡ್ತಾ ಇರುವಾಗ ಅರ್ಧ ವಾಕ್ಯಕ್ಕೆ ಕತ್ತರಿಸಿ ಲೈಟ್ ಹಾಕ್ತಾರೆ.

ನಾನು ಇತ್ತೀಚೆಗೆ ನೋಡಿದ್ದು "ಗಾಡ್‌ಜಿಲ್ಲಾ ಮೈನಸ್ ಒನ್", ಹಲ್ಲಿಯಂಥ ದೈತ್ಯ ಪ್ರಾಣಿ ಬರೋ ಜಪಾನಿ ಸಿನಿಮಾ. ಮಗನಿಗೆ ಹಲ್ಲಿ ಬೇಕಿತ್ತು, ನಾನು ಸುಮ್ನೆ ಜೊತೆಗೆ ಕೂತೆ. ಅವನಿಗಿಂತ ನಾನೇ ಜಾಸ್ತಿ ಅತ್ತೆ. ಯುದ್ಧದ ಕೊನೆಯಲ್ಲಿ ಆತ್ಮಾಹುತಿ ದಾಳಿಗೆ ಹೊರಟ ಪೈಲಟ್ ವಿಮಾನ ಕೆಟ್ಟಿದೆ ಅಂತ ಸುಳ್ಳು ಹೇಳಿ ಇಳಿದುಬಿಡ್ತಾನೆ. ಸಾಯೋಕೆ ಆಗಲಿಲ್ಲ ಅನ್ನೋ ನಾಚಿಕೆ ಹೊತ್ತುಕೊಂಡು ಸುಟ್ಟುಹೋದ ಟೋಕಿಯೊಗೆ ವಾಪಸ್ ಬರ್ತಾನೆ. ಪಕ್ಕದ ಮನೆಯವಳು ನೀನ್ಯಾಕೆ ಬದುಕಿ ಬಂದೆ ಅಂತ ಬೈತಾಳೆ. ಹೊಟ್ಟೆಪಾಡಿಗೆ ಮರದ ದೋಣಿಯಲ್ಲಿ ಹೋಗಿ ಸಮುದ್ರದ ಮೈನ್ ತೆಗೆಯೋ ಕೆಲಸ ಹಿಡೀತಾನೆ. ಆ ದೈತ್ಯ ಬರೋದು ಇಂಥವರ ಬದುಕಿನ ಮೇಲೆ. ಹಾಗಾಗಿ ಅದು ಕಾಲಿಟ್ಟ ಕಡೆಯೆಲ್ಲ ಯಾರದ್ದೋ ಮನೆ ಅನ್ನೋದು ನೆನಪಿರುತ್ತೆ.

ಅಷ್ಟು ವಿಎಫ್‌ಎಕ್ಸ್ ಮಾಡಿದ್ದು ಬರೀ 35 ಜನ, 610 ಶಾಟ್. ನಿರ್ದೇಶಕ ಯಮಾಝಾಕಿಯೇ ಅದರ ಉಸ್ತುವಾರಿ. 2024ರಲ್ಲಿ ಆಸ್ಕರ್ ಕೂಡ ಬಂತು. ನಮ್ಮಲ್ಲಿ ಬಜೆಟ್ ಇಲ್ಲ ಅಂತ ಅಳೋದನ್ನು ಸ್ವಲ್ಪ ಕಮ್ಮಿ ಮಾಡಬಹುದು ಅನಿಸಿತು.

ಬಾಲ್ಕನಿ_ಟಿಕೆಟ್

ಇಂಟರ್ವಲ್ ಇರೋದು ಕಥೆಗಲ್ಲ ಮೇಡಂ, ಕ್ಯಾಂಟೀನಿಗೆ. ನಮ್ಮ ಮಾವ ಸಿಂಗಲ್ ಸ್ಕ್ರೀನ್ ಥಿಯೇಟರಿನಲ್ಲಿ ಕ್ಯಾಂಟೀನ್ ಇಟ್ಟಿದ್ದರು. ಯಾವ ಸಿನಿಮಾ ಓಡುತ್ತೆ ಅಂತ ಅವರು ಹೇಳುತ್ತಿದ್ದ ರೀತಿಯೇ ಬೇರೆ. ಇಂಟರ್ವಲ್‌ನಲ್ಲಿ ಜನ ಬೋಂಡ ತಿನ್ನುತ್ತಾ ಕಥೆ ಮಾತಾಡಿದರೆ ಹಿಟ್. ಕ್ರಿಕೆಟ್ ಮಾತಾಡಿದರೆ ಶುಕ್ರವಾರಕ್ಕೆ ಬೇರೆ ರೀಲು. ಸಿನಿಮಾವನ್ನು ಅವರು ಒಳಗೆ ಹೋಗಿ ನೋಡಿದ್ದೇ ಕಮ್ಮಿ.

ಅಂದಹಾಗೆ "ಮೆಯ್ಯಳಗನ್" ಮಾತು ಜಾಸ್ತಿ ಆಯ್ತು ಅಂದ್ರಲ್ಲ, ರಿಲೀಸ್ ಆದ ಮೇಲೆ 18 ನಿಮಿಷ ಕತ್ತರಿಸಿದ್ದಾರೆ ಅದನ್ನು. ಮೊದಲ ದಿನವೇ ಉದ್ದ ನೋಡಿದವನು ನಾನು. ಉದ್ದದ್ದೇ ಚೆನ್ನಾಗಿತ್ತು. ನೆಂಟರ ಮನೆ ಜಗಲಿ ಮೇಲೆ ರಾತ್ರಿ ಕೂತರೆ ಮಾತು ಎಲ್ಲಿಗೋ ಹೋಗುತ್ತೆ, ಬೇಡದ ವಿಷಯವೆಲ್ಲ ಬರುತ್ತೆ. ಅದನ್ನು ಟ್ರಿಮ್ ಮಾಡಿದರೆ ಉಳಿಯೋದು ಏನು?

ಸುಧಾ_ಎಂ

ಬ್ಲಿಂಕ್ ಪರವಾಗಿ ಯಾರೂ ಮಾತಾಡಿಲ್ಲ, ನಾನು ಮಾತಾಡ್ತೀನಿ. ಗೀಟು ಹಾಕೋದನ್ನು ಬಿಡಿ. ಅದು ಕಾಲಯಾನದ ಸಿನಿಮಾ ಅನ್ನೋದು ಪೋಸ್ಟರಿಗೆ. ಒಳಗಿರೋದು ಪರೀಕ್ಷೆ ಪಾಸಾಗದ, ನಾಟಕದ ಹುಚ್ಚಿನ, ಮನೆಯಲ್ಲಿ ನಿಜ ಹೇಳಲಾಗದ ಹುಡುಗ. ಅವನ ಹಿಂದೆ ಹೋದರೆ ದಾರಿ ತಪ್ಪಲ್ಲ, ವರ್ಷಗಳ ಹಿಂದೆ ಹೋದರೆ ತಪ್ಪುತ್ತೆ. ಒಂದೇ ದೂರು ಅಂದರೆ ಹಿನ್ನೆಲೆ ಸಂಗೀತ, ಕೆಲವು ಕಡೆ ಮಾತೇ ಕೇಳಿಸಲಿಲ್ಲ. ನನ್ನ ಟಿವಿಯದ್ದೇ ತೊಂದರೆ ಇದ್ದರೂ ಇರಬಹುದು.

ಸೆಕೆಂಡ್ ಹಾಫ್ ಚೆನ್ನಾಗಿರೋ ಕನ್ನಡ ಸಿನಿಮಾ ಬೇಕಾದರೆ "ಶಾಖಾಹಾರಿ" ನೋಡಿ. ಮಲೆನಾಡಿನ ಒಂದು ಸಣ್ಣ ಸಸ್ಯಾಹಾರಿ ಹೋಟೆಲ್, ಅದನ್ನು ನಡೆಸುವ ಸುಬ್ಬಣ್ಣ ಆಗಿ ರಂಗಾಯಣ ರಘು, ಹುಡುಕಿಕೊಂಡು ಬರುವ ಪೊಲೀಸ್ ಆಗಿ ಗೋಪಾಲಕೃಷ್ಣ ದೇಶಪಾಂಡೆ. ಇಷ್ಟು ವರ್ಷ ಕಾಮಿಡಿಗೆ ಅಂತ ಕರೆದು ಕಿರುಚಿಸಿದ ರಘು ಅವರು ಇಲ್ಲಿ ಸುಮ್ಮನೆ ಈರುಳ್ಳಿ ಹೆಚ್ಚುತ್ತಾ ನಿಂತರೂ ಹೆದರಿಕೆ ಆಗುತ್ತೆ. ಇದಕ್ಕಿಂತ ಜಾಸ್ತಿ ಹೇಳಲ್ಲ, ಮೇಲೆ ಒಬ್ಬರು ಆಗಲೇ ಬೇಜಾರಾಗಿದ್ದಾರೆ.

ಪ್ಲಾಸ್ಟರ್_ಕಾಲು

ಎಲ್ಲರಿಗೂ ಥ್ಯಾಂಕ್ಸ್. ಉಳ್ಳಾಲದವರೇ, ನಿಮ್ಮ ಮಾತು ಕೇಳಿ "ಸು ಫ್ರಮ್ ಸೋ" ಕೊನೇ ಮುಕ್ಕಾಲು ಗಂಟೆ ಫೋನ್ ಪಕ್ಕದ ರೂಮಿಗೆ ಕಳಿಸಿ ಮತ್ತೆ ನೋಡಿದೆ. ಸರಿ, ಸೋತೆ. ಗುರೂಜಿ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಪಕ್ಷ.

"ಶಾಖಾಹಾರಿ"ಯೂ ಆಯ್ತು. ಅಮ್ಮ ಜೊತೆಗಿದ್ದರು, ಹೋಟೆಲ್ ಕಥೆ ಅಂತ ನಂಬಿಸಿ ಕೂರಿಸಿದ್ದೆ. ಮುಗಿದ ಮೇಲೆ ಹತ್ತು ನಿಮಿಷ ಮಾತಾಡಲಿಲ್ಲ. ಬೆಳಿಗ್ಗೆ ಬಜ್ಜಿಗೆ ಬದನೆಕಾಯಿ ಹೆಚ್ಚುವಾಗ ಒಂದು ಸಲ ಅಡುಗೆಮನೆಯಿಂದ ಇಣುಕಿ ನನ್ನನ್ನು ನೋಡಿದರು, ಅಷ್ಟೇ.

ಸುಧಾ ಅವರೇ, ಬ್ಲಿಂಕ್ ಮತ್ತೆ ನೋಡೋಕೆ ಧೈರ್ಯ ಇಲ್ಲ. ಗೀಟು ಹಾಕಿದ ಪೇಪರ್ ಇನ್ನೂ ಇದೆ, ಬೇಕಾದವರು ಕೇಳಿ.

"ತಿಥಿ" ಇವತ್ತು ರಾತ್ರಿ. ಅಪ್ಪನೂ ಬರ್ತಾರಂತೆ. ನಮ್ಮ ಮನೆಯಲ್ಲೂ ಒಂದು ಜಮೀನಿನ ವಿಷಯ ಕೋರ್ಟಿನಲ್ಲಿದೆ, ಹಾಗಾಗಿ ಊಟ ಮೊದಲೇ ಮುಗಿಸಿ ಕೂರೋಣ ಅಂದಿದ್ದೇನೆ.