ಅಪ್‌ಡೇಟ್: ಬೇರೆಯವರ ವೀಗನ್ ಅಡುಗೆ ಪುಸ್ತಕ ಓದಬೇಕಾ ಬೇಡವಾ?

ನನ್ನ ವೀಗನ್ (ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ) ಅಡುಗೆ ಪುಸ್ತಕ ಬರೆಯುವಾಗ ಬೇರೆಯವರದನ್ನು ಓದಿದರೆ ನಕಲಾಗುತ್ತದಾ ಅಂತ ಕೇಳಿದ್ದೆ. "ಓದಿ, ಆಮೇಲೆ ಮುಚ್ಚಿಟ್ಟು ಅಡುಗೆ ಮಾಡಿ" ಅಂದಿರಿ. ಹಾಗೇ ಮಾಡಿದೆ. ತುಂಬಾ ಥ್ಯಾಂಕ್ಸ್.

ಈಗ ರೆಸಿಪಿಗಿಂತ ಕಾರಣಗಳನ್ನೇ ಜಾಸ್ತಿ ಹುಡುಕುತ್ತೇನೆ. ಒಂದು ಮೊಟ್ಟೆಯ ಬದಲು 1 ದೊಡ್ಡ ಚಮಚ ಅಗಸೆ ಪುಡಿ, 3 ದೊಡ್ಡ ಚಮಚ ನೀರು ಅಂತ ಎಷ್ಟೋ ಕಡೆ ಇದೆ. ಯಾಕೆ? ಅಗಸೆ ನೀರಲ್ಲಿ ಲೋಳೆಯಾಗಿ ಹಿಟ್ಟನ್ನು ಹಿಡಿದಿಡುತ್ತದೆ. ಆದರೆ ಮೊಟ್ಟೆಯ ಬಿಳಿಯಂತೆ ನೊರೆ ಕಟ್ಟುವುದಿಲ್ಲ. ನನ್ನ ಕೇಕ್ ಗಟ್ಟಿಯಾಗುತ್ತಿದ್ದದ್ದು ಅದಕ್ಕೇ! ಈ ಸಲ ಕಾಬೂಲಿ ಕಡಲೆ ಬೇಯಿಸಿದ ಮಂದ ನೀರನ್ನು ನೊರೆ ಬರುವ ತನಕ ಕಡೆದು ಹಾಕಿದೆ. ಎಷ್ಟು ಹಗುರವಾಗಿ ಬಂತು ಗೊತ್ತಾ! ಆ ಪುಟ ಪೂರ್ತಿ ನನ್ನದೇ ಮಾತಲ್ಲಿದೆ.

ಸದ್ಯಕ್ಕೆ 11 ರೆಸಿಪಿ ಆಗಿವೆ. ಪ್ರತಿಯೊಂದನ್ನೂ ಮೂರು ಸಲ ಮಾಡಿ ನೋಡಿದ ಮೇಲೆ ಮಾತ್ರ ಸೇರಿಸುತ್ತಿದ್ದೇನೆ.