ಸಹಾಯ ಬೇಕು: ಹೊಸ ಕರ್ನಲ್ ಬಂದಮೇಲೆ ಲ್ಯಾಪ್‌ಟಾಪ್ ಬೂಟ್ ಆಗ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಿನ್ನೆ ಡೆಬಿಯನ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) 12ರಿಂದ 13ಕ್ಕೆ ಅಪ್‌ಗ್ರೇಡ್ ಮಾಡಿದೆ, ಕರ್ನಲ್ (ಸಿಸ್ಟಮ್‌ನ ಮೂಲ ಪ್ರೋಗ್ರಾಂ) 6.1 ಇದ್ದದ್ದು 6.12 ಆಯ್ತು. ಆಮೇಲೆ ಆನ್ ಮಾಡಿದಾಗಲೆಲ್ಲ ಕರ್ನಲ್ ಪ್ಯಾನಿಕ್, ಅಂದ್ರೆ ಕರ್ನಲ್ ಮುಂದೆ ಹೋಗೋಕಾಗದ ಎರರ್. ರೂಟ್ ಫೈಲ್ ಸಿಸ್ಟಮ್ (ಸಿಸ್ಟಮ್ ಫೈಲುಗಳಿರೋ ಮುಖ್ಯ ಜಾಗ) ಮೌಂಟ್ ಆಗ್ತಿಲ್ಲ ಅಂತ ಹೇಳಿ ಅಲ್ಲೇ ನಿಲ್ಲುತ್ತೆ. ಗ್ರಬ್ ಮೆನುವಿನಲ್ಲಿ (ಆನ್ ಮಾಡಿದಾಗ ಕರ್ನಲ್ ಆರಿಸೋ ಪಟ್ಟಿ) ಹಳೇ 6.1 ಆರಿಸಿದರೆ ಮಾತ್ರ ಓಪನ್ ಆಗುತ್ತೆ, ಸದ್ಯಕ್ಕೆ ಅದೊಂದೇ ಆಸರೆ.

ಒಳಗೆ ಹೋಗಿ ನೋಡಿದರೆ 6.12ರ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಲ್ಲಿ ಕರ್ನಲ್‌ಗೆ ಡಿಸ್ಕ್ ಮೌಂಟ್ ಮಾಡೋಕೆ ನೆರವಾಗೋ ಫೈಲ್) ಫೈಲೇ ಇಲ್ಲ. ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಕಮಾಂಡ್ ಕೊಟ್ಟೆ, ಜಾಗ ಇಲ್ಲ ಅಂತ ಎರರ್ ಬಂತು. ಬೂಟ್ ಪಾರ್ಟಿಷನ್ ಬರೀ 250 ಎಂಬಿ, ಪೂರ್ತಿ ತುಂಬಿದೆ. ಯಾವಾಗಿನದೋ 5.10 ಕರ್ನಲ್ ಇನ್ನೂ ಅಲ್ಲೇ ಕೂತಿದೆ. ಆಟೋರಿಮೂವ್ (ಬೇಡದ ಪ್ಯಾಕೇಜ್‌ಗಳನ್ನ ತಾನೇ ತೆಗೆಯೋ ಕಮಾಂಡ್) ಕೊಡೋಕೆ ಧೈರ್ಯ ಬರ್ತಿಲ್ಲ, ಓಡ್ತಿರೋ 6.1 ಕೂಡ ಹೋಗಿಬಿಟ್ಟರೆ? ಮಗಳ ಕಾಲೇಜ್ ಪ್ರಾಜೆಕ್ಟ್ ಎಲ್ಲಾ ಇದರಲ್ಲೇ ಇದೆ.

ಗೊತ್ತಿರೋರು ದಯವಿಟ್ಟು ಹೇಳಿ: 5.10 ಮಾತ್ರ ಪರ್ಜ್ ಮಾಡಿ (ಪೂರ್ತಿ ಅಳಿಸಿ), 6.12ಕ್ಕೆ ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಮಾಡಿ, ಅಪ್‌ಡೇಟ್-ಗ್ರಬ್ ಕೊಟ್ಟರೆ ಸಾಕಾ? ಇಲ್ಲಾ ಅರ್ಧಕ್ಕೆ ನಿಂತಿರೋ ಪ್ಯಾಕೇಜ್‌ಗಳನ್ನ ಮೊದಲು ಸರಿಮಾಡಬೇಕಾ?